ಸಂಬಂಧ: ಇತರೆ

ಈ ಪ್ರಶ್ನೆಪತ್ರಿಕೆ ಹುಟ್ಟಿದ್ದು ಹಾಂಗ್‌ಕಾಂಗಿನಲ್ಲಂತೆ.
ಚೀನೀ ಲಿಪಿಯಿಂದ ಇಂಗ್ಲಿಷಿಗೆ ಇಳಿದು
ಪುಣೆಯಲ್ಲಿ ಮರಾಠಿ ಉಟ್ಟು
ಸೊಲ್ಲಾಪುರದ ಸಿಟಿ ಬಸ್ಸಿನಲ್ಲಿ
ನನ್ನ ಚೀಲದೊಳಗೆ ಮಡಚಿ ಕೂತು ಬಂದಿದೆ.
ಕನ್ನಡ ಹಾಳೆಯಲ್ಲಿಲ್ಲ.
ಅದು ನನ್ನ ಬಾಯಲ್ಲಿ,
ನಮ್ಮವ್ವನದು, ಸಾಲಿ ಕಾಣದ್ದು.

ಭೌರವ್ವ ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತಿದ್ದಾಳೆ.
ತೊಡೆಯ ಮೇಲೆ ಸೂಪ, ಸೂಪದಲ್ಲಿ ಜರದಾ,
ಒದ್ದೆ ಗೋಣಿಯಲ್ಲಿ ಬೀಡಿ ಎಲೆ.
ಒಳಗೆ ಕಬ್ಬಿಣದ ಮಂಚದ ಮೇಲೆ
ಬಲಗಡೆ ಬಿದ್ದುಹೋದ ಒಂದು ಮೈ.
ಎಡಗಣ್ಣು ಮಾತ್ರ
ನನ್ನ ಚಪ್ಪಲಿಗೆ ಬೆಲೆ ಕಟ್ಟುತ್ತಿದೆ.

ರೋಗಿಗೆ ನೀವು ಏನಾಗಬೇಕು?
ಚೌಕಗಳಿವೆ. ಗಂಡ, ಹೆಂಡತಿ, ಮಗ, ಮಗಳು, ಸೊಸೆ.
ಹಿರಿಸೊಸೆಗೇ ಒಂದು ಬೇರೆ ಚೌಕ,
ಅಲ್ಲಿ ಅದರ ತೂಕ ಬೇರೆಯಂತೆ.

"ಸವತಿ," ಅಂದಳು. ಕತ್ತರಿ ನಿಲ್ಲಲಿಲ್ಲ.
"ಬರ್ಕೋ. ನಾ ಮೊದಲನೇಕಿ. ಇಕಿ ಸೋನಾಬಾಯಿ, ಎರಡನೇಕಿ.
ಅಂವ ಹೋಗಿ ಹನ್ನೊಂದು ವರ್ಷಾತು.
ಬಿಟ್ಟುಹೋದ ಆಸ್ತಿ ಇಷ್ಟ, ಆ ಮಂಚದ ಮ್ಯಾಲಿಂದು."

ಕೊನೆಯ ಚೌಕ, ಇತರೆ.
ಅದರ ಮುಂದೆ ಬಿಟ್ಟ ಜಾಗ ಅರ್ಧ ಇಂಚು.

ಏಳನೆಯದು. ಈ ಹೊಣೆಯಿಂದ ಸಿಟ್ಟು ಬರುತ್ತದೆಯೇ?
ಎಂದೂ ಇಲ್ಲ, ಒಂದು. ಯಾವಾಗಲೂ, ಐದು.

"ಸಿಟ್ಟು ಹೊಣಿಗಿಂತ ಹಿರೇದು, ತಂಗಿ.
ಇಕಿ ಮನಿ ಹೊಕ್ಕ ದಿನ ನಾ ತವರಿಗೆ ಹೊಂಟಿದ್ದೆ.
ಟಾಂಗಾಕ ಕೊಡಾಕ ರೊಕ್ಕ ಸಾಲಲಿಲ್ಲ,
ಚೌಕಿನಿಂದ ತಿರುಗಿ ಬಂದೆ.
ಅದನ್ನ ಎಷ್ಟನೇ ನಂಬರಿಗೆ ಬರೀತಿ?"

ಮೂರು ಎಂದು ಬರೆದೆ.
ಹೊಡೆದುಹಾಕಿದೆ.

ಹದಿನಾಲ್ಕನೆಯದು ನನಗೇ ತೊಡಕು.
ಮೂಲದಲ್ಲಿ ಅದು ಒಂದೇ ಅಕ್ಷರ ಎಂದಿದ್ದರು ತರಬೇತಿಯಲ್ಲಿ:
ಮೇಲೆ ಮುದುಕ, ಕೆಳಗೆ ಹೊತ್ತು ನಿಂತ ಮಗು.
ಮರಾಠಿಯಲ್ಲಿ ಮೂರು ಪದ ಹೊಲಿದು ಮುಗಿಸಿದ್ದಾರೆ.
ನಾನು ಕೇಳಿದೆ:
"ಇದೊಂದು ಋಣ ಅಂತ ತಿಳಿದು ಮಾಡತೀರೇನು?"

"ಯಾರ ಋಣ?
ಇಕಿ ನನಗ ಕೊಟ್ಟಿದ್ದೇನು, ಕಸಗೊಂಡಾಳ.
ಐದಕ್ಕ ನಳ ಬರತೈತಿ, ಇಕಿ ಹಾಸಿಗಿ ತೊಳೀತೀನಿ.
ಆಮ್ಯಾಲ ಸಾವಿರ ಬೀಡಿ.
ನಡುನಡುವ ಇಕಿ ಬಾಯಿಗೆ ಅಂಬಲಿ, ನನ್ನ ಬಾಯಿಗೆ ಬೈಗಳ."

ಇಪ್ಪತ್ತೈದಾಯಿತು.
ಭೌರವ್ವ ಎದ್ದು ಸೂಪವನ್ನು ಮಂಚದಂಚಿಗೆ ಒಯ್ದಳು.
ಕಟ್ಟಿಗೆ ದಾರ ಸುತ್ತಿ ಮುಂದೆ ಹಿಡಿದಳು.
ಹೊದಿಕೆಯೊಳಗಿಂದ ಒಂದು ಎಡಗೈ ಬಂತು,
ದಾರದ ಮೇಲೆ ಒಂದು ಬೆರಳು ಒತ್ತಿತು,
ಮೇಲೆ ಗಂಟು ಬಿತ್ತು.
ಹೀಗೆ ದಿನಕ್ಕೆ ನಲವತ್ತು.
ಒಮ್ಮೊಮ್ಮೆ ಬೇಕೆಂದೇ
ಗಂಟು ಬೀಳುವ ಮೊದಲು ಬೆರಳು ಸರಿಯುತ್ತದೆ,
ಬೀಡಿ ನೆಲದ ತುಂಬ.
ಈಗಲೂ ಸರಿಯಿತು.

"ನೋಡ್ದಿ? ನೋಡ್ದಿ ಈ ಹಲ್ಕಟ್ ಸೂಳಿನ್ನ?"
ಅರ್ಧ ಬಾಯಿ ನಕ್ಕಿತು.
ನಾವಿಬ್ಬರೂ ಮೊಣಕಾಲೂರಿ ಆರಿಸಿದೆವು.
ಮಂಚದ ಕೆಳಗಿನ ಕತ್ತಲಲ್ಲಿ
ಭೌರವ್ವನ ಮುಖದಲ್ಲೂ ಏನೋ ಇತ್ತು.
ಹಾಳೆಗೆ ಬೆನ್ನು ತಿರುಗಿಸಿದ್ದೆ, ಬರೆಯಲಾಗಲಿಲ್ಲ.

ಒಟ್ಟಿನಲ್ಲಿ ಸುಖವಾಗಿದ್ದೀರಾ, ಎಂಬುದು ಕೊನೆಯದು.
ಅವಳು ನನ್ನನ್ನೇ ಕೇಳಿದಳು:
"ಆ ಚೀನಾದಾಗ ಸವತ್ಯಾರು ಇರತಾರೇನು?
ಅವರ ದಾರದ ಮ್ಯಾಲೆ ಬೆರಳ ಯಾರು ಇಡತಾರು?"

ಗೊತ್ತಿಲ್ಲ ಅಂದೆ.
ಅರ್ಧ ಇಂಚಿನಲ್ಲಿ ಸವತಿ ಎಂದು ಬರೆದೆ,
ಕನ್ನಡದಲ್ಲೇ, ಒತ್ತಿ ಒತ್ತಿ.

ಚಹಾ ಕುಡಿಯುವಾಗ ವ್ಯವಹಾರಕ್ಕೆ ಬಂದಳು.
"ಒಂದು ಕಾಗದಕ್ಕ ಎಷ್ಟು ಕೊಡತಾರು?"
"ನೂರಿಪ್ಪತ್ತು."
"ನಮ್ಮ ಕಾರಖಾನ್ಯಾಗ ಚೆಕರ್ ಇರತಾನ.
ಕೈಯಾಗ ಹಿಡಿದು ನೋಡತಾನ, ಸರಿ ಬರಲಿಲ್ಲಂದ್ರ ಛಾಟ, ಒಗೀತಾನ.
ನಿಮ್ಮಲ್ಲೂ ಛಾಟ ತಗೀತಾರೇನು?"

ಹೊಡೆದುಹಾಕಿದ ಮೂರನ್ನು ನೋಡಿದೆ.
"ತಗೀತಾರ, ಭೌರವ್ವ."