ರಾಗಿಹಿಟ್ಟಿಗೆ ಎದ್ದ ಅಕ್ಷರ

ಆವನಿ ಬೆಟ್ಟ ಇಳಿಯುವಾಗ ಮೊಣಕಾಲು ತರಚಿತು.
ಆ ಉರಿಯಲ್ಲೇ ದಾರಿ ತಪ್ಪಿ
ನಾರೆಮ್ಮನ ಹಿತ್ತಿಲಿಗೆ ಬಂದರೆ
ಅಲ್ಲೊಬ್ಬ ವೀರ. ಅವನಿಗೆ ಮೊಣಕಾಲೇ ಇಲ್ಲ, ಮಣ್ಣು.
ತಲೆಯ ಮೇಲೆ ಒಣಗಲು ಹಾಕಿದ ಲಂಗ.

ಇವನ ಅಣ್ಣತಮ್ಮಂದಿರನ್ನು ಬೆಳಿಗ್ಗೆ ನೋಡಿದ್ದೆ
ಕೋಲಾರದ ಮ್ಯೂಸಿಯಮ್ಮಿನಲ್ಲಿ: ನಂಬರು, ಸರಳು,
ಮುಟ್ಟಬಾರದು.
ಇಲ್ಲಿ ಕುಡುಗೋಲು ಮಸೆದು ಮಸೆದು
ಹೆಗಲೇ ಸವೆದಿದೆ.

"ಓದ್ತೀಯೇನಪ್ಪಾ?" ಎಂದು
ಮುಷ್ಟಿ ರಾಗಿಹಿಟ್ಟು ತಂದು ಸವರಿದಳು,
ಕೂಸಿನ ಬೆನ್ನಿಗೆ ಎಣ್ಣೆ ಸವರುವ ಹಾಗೆ.
ಕಪ್ಪು ಕಲ್ಲಿನಲ್ಲಿ ಒಂದೊಂದೇ ಎದ್ದು ಕೂತವು.
ಅದರಲ್ಲೊಂದು ೞ,
ನಾಲಗೆ ಹೇಗೆ ಮಡಿಸಿದರೂ ನನಗೆ ಸಿಗದ್ದು.

ತಡವರಿಸಿ ಓದಿದೆ:
ತುಱುವಂ ಮಗುೞ್ಚಿ ಸತ್ತಂ.
ಹೆಸರಿದ್ದ ಕಡೆ ಚಕ್ಕೆ ಹಾರಿದೆ.

"ಅಂದ್ರೆ?"
ಕಳ್ಳರು ಹೊಡಕೊಂಡು ಹೋದ ದನ
ತಿರುಗಿಸಿ ತಂದ. ಸತ್ತ.

ನಾರೆಮ್ಮ ಸೆರಗಿಗೆ ಕೈ ಒರೆಸಿಕೊಂಡು
ಬೇಲಿಯಾಚೆ ನೋಡಿದಳು, ಹೊತ್ತು ಮುಳುಗುತ್ತಿತ್ತು.
"ಎಲ್ಲಾ ಬಂದ್ವಾ? ಕರುಗಳೂ?"

ಕಲ್ಲಲ್ಲಿ ಅದು ಬರೆದಿಲ್ಲ.
ಮತ್ತೊಮ್ಮೆ ಹುಡುಕಿದೆ, ಬೆರಳಿಟ್ಟು.
ಅಷ್ಟರಲ್ಲಿ ಇರುವೆಗಳು ಸಾಲು ಹಿಡಿದಿದ್ದವು,
ಸತ್ತಂ ಎಂಬಲ್ಲಿಂದ
ಹಿಟ್ಟು ಹೊತ್ತುಕೊಂಡು.