ಹನ್ನೆರಡು ಹೂವಿನ ಗೋಡಿ

ನಾವದಗಿ ಅಕ್ಕೋರು ಪಟ್ಟಿ ಕೊಟ್ಟರು,
ಗೆರಿ ಹೊಡೆದ ಹಾಳಿ, ಮೂರು ಸಾಲು:
ದೇಶ, ಹೂವು, ಯಾತರ ಸಂಕೇತ.
"ಹನ್ನೆರಡು ಹೂವು, ದಾವಲ್ ಕಾಕಾ,
ಬಣ್ಣ ಇದ್ದದ್ದರಾಗ ಹೊಂದಿಸ್ರಿ."

ಫ್ಲೆಕ್ಸ್ ಬಂದಾಗಿಂದ ನನ್ನ ಪಾಲಿಗೆ
ಟ್ರಾಲಿಯ ಹಿಂಬದಿ, ನೀರಿನ ಟ್ಯಾಂಕು,
ಸಮಾಧಿ ಮ್ಯಾಲಿನ ತಾರೀಖು, ಇಷ್ಟ ಉಳಿದಿದ್ದು.
ಟ್ರ್ಯಾಕ್ಟರಿನ ಕೆಂಪು ಅರ್ಧ ಡಬ್ಬಿ,
ಮೈಲಿಗಲ್ಲಿನ ಹಳದಿ ಮುಕ್ಕಾಲು,
ಹಸರು ಪಂಚಾಯ್ತಿಯವರ ಕಡಿಂದ.
ನೀಲಿ ಇರಲಿಲ್ಲ.
ಶ್ರೀಲಂಕಾದ ನೈದಿಲೆಗೆ
ಮನಿಯಾಕಿ ಅರಿವಿಗೆ ಹಾಕೋ ನೀಲಿ ಕದ್ದು ತಂದೆ.
ಸಂಕೇತ: ಸತ್ಯ.

ಟ್ಯುಲಿಪ್ ನಾ ಕಂಡಾಂವಲ್ಲ.
ಅಕ್ಕೋರು ಮೊಬೈಲಿನಾಗ ತೋರಿಸಿದರು.
ನನ್ನ ಕಣ್ಣಿಗೆ ತಲಿಕೆಳಗಾದ ಉಳ್ಳಾಗಡ್ಡಿ,
ಹಂಗ ಬರೆದೆ. ಹುಡುಗರು ನಕ್ಕರು.
"ನಗಬ್ಯಾಡ್ರಿ, ಅದು ಹುಟ್ಟೂದೂ ಗಡ್ಡಿಯಿಂದನ.
ಒಂದು ಕಾಲಕ್ಕ ಡಚ್ಚರು ಒಂದು ಗಡ್ಡಿಗೆ
ಒಂದು ಮನಿ ಕೊಡತಿದ್ದರಂತ."
"ನಮ್ಮ ಗಡ್ಡಿಗೆ ಲಾರಿ ಬಾಡಗಿನೂ ಬರಲಿಲ್ರಿ,"
ಅಂತು ಹಿಂದಿನ ಸಾಲಿನ ಒಂದು ದನಿ.

ಸ್ಕಾಟ್ಲಂಡಿನ ಮುಳ್ಳುಹೂವಿಗೆ ಕತಿ ಐತಿ:
ಕತ್ತಲಾಗ ಬರಿಗಾಲಿಲೆ ಬಂದ ವೈರಿ
ಮುಳ್ಳು ತುಳಿದು ಚೀರಿದ, ಊರು ಎದ್ದಿತು.
"ಕಾಕಾ, ಇದು ಕುಸುಬಿ!" ಅಂದರು ಎಲ್ಲಾರೂ,
ಕೈಗೆ ಅರಿವಿ ಸುತ್ತಿ ಕುಸುಬಿ ಕೀಳೋ ಅವ್ವಂದಿರ ಮಕ್ಕಳು.
ಮಳೆಪ್ಪ ಅನ್ನೋ ಹುಡುಗ ಬಾಳೊತ್ತು ಸುಮ್ಮನಿದ್ದು
ಕೇಳಿದ: "ತಾಳಿಕೋಟಿ ಯುದ್ಧದಾಗ
ನಮ್ಮ ಕುಸುಬಿ ಯಾಕ ಯಾರನ್ನೂ ಎಬ್ಬಿಸಲಿಲ್ರಿ?"
ಅಕ್ಕೋರು ಸೀಮೆಸುಣ್ಣ ಕೈಯಾಗ ತಿರುವಿದರು.

ಉಕ್ರೇನಿನ ಸೂರ್ಯಪಾನ ಸಸಾರ.
ಮೂರನೇ ಸಾಲಿನಾಗ 'ಶಾಂತಿ' ಅಂತಿತ್ತು.
ಬರೆದೆ. ಇಬ್ಬರೂ ಮುಂದ ಮಾತಾಡಲಿಲ್ಲ.

ಮಲ್ಲಿಗಿ ಬಂದಾಗ ಕೈ ನಿಂತಿತು.
ಬಿಳಿ ಗೋಡಿ, ಬಿಳಿ ಹೂವು.
ಬರಿಯಾಕ ಬರೂದಿಲ್ಲ ಅದನ್ನ,
ಅದರ ಸುತ್ತಲಿನ ಕತ್ತಲಿ ಬರೀಬೇಕು.
ಮಸಿಯಾಗ ಹಸರು ಕಲಸಿ ರಾತ್ರಿ ಮಾಡಿದೆ,
ಕುಂಚ ಮುಟ್ಟದೆ ಬಿಟ್ಟಲ್ಲೆಲ್ಲ ಮಲ್ಲಿಗಿ ಬಿಟ್ಟಿತು.
ಕೆಳಗ, ಪಟ್ಟಿಯಾಗ ಇದ್ದಂಗ:
ಪಾಕಿಸ್ತಾನ. ಮಲ್ಲಿಗೆ. ಒಲವು, ವಿನಯ.

ಸಂಜಿಗೆ ಶಾಲಾ ಸಮಿತಿ ಅಧ್ಯಕ್ಷರು ಬಂದರು.
ಹೆಸರು ಓದಿದರು,
ಆಮ್ಯಾಲ ನನ್ನ ಮುಖ ಓದಿದರು.
ಪಟ್ಟಿ ಕಿಸೆದಾಗಿತ್ತು. ನಾ ತಗೀಲಿಲ್ಲ.
ಗಾಡಿ ಹಿಂದ ಕುಂತ ಅವರ ಮನಿಯವರ ತಲ್ಯಾಗ
ಎರಡು ಮೊಳ ಅದ ಹೂವು,
ಓಣಿ ತುಂಬ ಅದರದ ವಾಸನಿ.

ರಾತ್ರಿ ಅಕ್ಕೋರ ಫೋನು:
"ಫಿಲಿಪೈನ್ಸಿನದೂ ಮಲ್ಲಿಗೀನ ಅಂತ್ರಿ, ಕಾಕಾ.
ಹೂವು ಹಂಗ ಇರಲಿ."
ದನಿ ಬಾಳ ಸಣ್ಣದಿತ್ತು.

ಮುಂಜಾನೆ ಎದ್ದು ಹೆಸರಿಗೆ ಸುಣ್ಣ ಹೊಡೆದೆ.
ಎಣ್ಣಿ ಬಣ್ಣದ ಮ್ಯಾಲ ಸುಣ್ಣ ನಿಲ್ಲೂದಿಲ್ಲ,
ಕೆರೆದು, ಎರಡು ಕೈ ಹೊಡೀಬೇಕು.
ನಲವತ್ತು ವರ್ಷದ ಕಸಬು, ಗೊತ್ತಿಲ್ಲೇನು ನನಗ?
ಒಂದ ಕೈ ಹೊಡೆದೆ.

ಈ ಸಲ ಡೋಣಿ ದಂಡಿ ದಾಟಿ ಹರೀತು.
ಮಳಿ ನಿಂತ ಮ್ಯಾಲ ಶಾಲಿ ಮುಂದ ಹಾದು ಹೊಂಟಿದ್ದೆ,
ಎರಡನೇತ್ತೆಯ ಒಂದು ಕೂಸು
ಗೋಡಿಗೆ ಬೆರಳು ಹಚ್ಚಿ ಕೂಡಿಸಿ ಕೂಡಿಸಿ ಓದತಿತ್ತು,
ಮ್ಯಾಲಿನ ಅಕ್ಷರ, ಅಡಿಯಿಂದ ಎದ್ದ ಅಕ್ಷರ, ಒಂದ ಉಸಿರಿನಾಗ:
"ಪಾ... ಲಿ... ಪೈ... ಸ್ತಾನ."
"ಕಾಕಾ, ಈ ದೇಶ ಎಲ್ಲಿ ಬರತೈತ್ರಿ?"

ನಾ ಅಕ್ಕೋರ ಕಡೆ ನೋಡಿದೆ.
ಅವರು ಹಾಜರಿ ಪುಸ್ತಕದಿಂದ ತಲಿ ಎತ್ತದ ಅಂದರು,
"ಇನ್ನೊಂದು ಕೈ ಸುಣ್ಣಕ್ಕ
ಈ ವರ್ಷ ರೊಕ್ಕ ಇಲ್ರಿ."