ಹನ್ನೊಂದು ನಿಮಿಷ

ಸೋಮ, ಬುಧ, ಶುಕ್ರ. ನಸುಕಿನ ನಾಲ್ಕಕ್ಕೆ
ಡಯಾಲಿಸಿಸ್ ವ್ಯಾನಿನ ಹೀಟರು ಹಚ್ಚುತ್ತೇನೆ.
ನೆಬ್ರಾಸ್ಕಾದ ಚಳಿಗೆ ಕೀಲಿಕೈಯೂ ಬೆರಳು ಕಚ್ಚುತ್ತದೆ.
ನಮ್ಮ ಕೌಂಟಿಯಲ್ಲಿ ದನಗಳಿಗೆ ಮೂವರು ಡಾಕ್ಟರು,
ಮನುಷ್ಯರಿಗೆ ಮಂಗಳವಾರ ಮಾತ್ರ ಒಬ್ಬಳು ನರ್ಸು.
ರಕ್ತ ತೊಳೆಯುವ ಮಷೀನು
ತೊಂಬತ್ತೆಂಟು ಮೈಲಿ ಆಚೆ.

ಮೊದಲು ಹತ್ತುವವನು ಆರ್ವಿಲ್.
ಗೋದಿಯ ಬೆಲೆ ಕೇಳುತ್ತಾನೆ, ಉತ್ತರ ಕೇಳಿಸಿಕೊಳ್ಳುವುದಿಲ್ಲ.
ಆಮೇಲೆ ಮಾಂಸದ ಕಾರ್ಖಾನೆಯ ಎಲಿಹಿಯೊ,
ಕೂತೊಡನೆ ನಿದ್ದೆ,
ನರ ಉಬ್ಬಿದ ತೋಳನ್ನು ಕೂಸಿನಂತೆ ಎದೆಗೊತ್ತಿಕೊಂಡು.
ಕೊನೆಗೆ ಜಲ್ಲಿದಾರಿಯ ತುದಿಯಲ್ಲಿ ಮಿಸೆಸ್ ಟೋಬರ್ಗ್.
ಬಾಗಿಲು ಹಾಕುವಳು, ಮತ್ತೆ ತೆಗೆಯುವಳು,
ಬೆಕ್ಕಿಗೆ ಏನೋ ಹೇಳಿ ಬರುವಳು.
"ನೀರನ್ನು ಅಳೆದು ಕುಡಿಯಬೇಕಂತೆ! ನಾನು,
ಬಾವಿ ತೋಡುವವನ ಮಗಳು!"

ಈ ಸೋಮವಾರದ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ.
ಯಾರೂ ಫೋನು ಮಾಡಿರಲಿಲ್ಲ. ಕಂಪ್ಯೂಟರೇ
ಹೊಸ ದಾರಿ ಹಾಕಿ ಕಳಿಸಿತ್ತು, ಕೆಳಗೆ ಹಸಿರು ಅಕ್ಷರದಲ್ಲಿ:
ಉಳಿತಾಯ, ಹನ್ನೊಂದು ನಿಮಿಷ.

ಏನು ಮಾಡಲಿ ಅದನ್ನು ತಗೊಂಡು?
ಕ್ಲಿನಿಕ್ಕಿನ ಬಾಗಿಲು ತೆಗೆಯುವುದೇ ಆರೂವರೆಗೆ.
ಪಾರ್ಕಿಂಗಿನಲ್ಲಿ ಇಂಜಿನ್ ಆರಿಸದೆ ಕೂತೆವು.
ಗಾಜಿನ ಮೇಲೆ ನಮ್ಮದೇ ಉಸಿರು.
ಆರ್ವಿಲ್ ಗೋದಿಯ ಸುದ್ದಿ ಎತ್ತಲಿಲ್ಲ.
ದಾರಿಯುದ್ದಕ್ಕೂ ಖಾಲಿ ಸೀಟಿನ ಬೆಲ್ಟಿನ ಕೊಂಡಿ
ಟಕಟಕ ಬಡಿಯುತ್ತಿತ್ತು;
ಎಲಿಹಿಯೊ ಅದನ್ನು ಎಳೆದು, ಯಾರೋ ಕೂತಿರುವ ಹಾಗೆ,
ಸಿಕ್ಕಿಸಿದ. ವರ್ಷದಲ್ಲಿ ಮೊದಲ ಸಲ
ಎಚ್ಚರವಾಗಿದ್ದು ಕೇಳಿದ:
"ಆ ಬೆಕ್ಕು?"

ಗೊತ್ತಿಲ್ಲ, ಎಂದೆ.
ಬುಧವಾರ ಜಲ್ಲಿದಾರಿಗೆ ತಿರುಗಿಸಿ ನೋಡೋಣ.
ಹೊತ್ತು ಇದೆಯಲ್ಲ.